ಹಿಲಾರುಸನ ಹೆಬ್ಬೆರಳು

ರೋಮಿನಲ್ಲಿ ಕ್ಯಾಸ್ಟರ್ ದೇವರ ಗುಡಿಯ ಹಿಂದಿನ ಚಿನಿವಾರರ ಸಾಲಿನಲ್ಲಿ ಹಿಲಾರುಸನಷ್ಟು ಬೀಗುವ ಗುಲಾಮ ಇನ್ನೊಬ್ಬನಿರಲಿಲ್ಲ. ಮೈಮೇಲಿನ ಅಂಗಿಯೂ ಅವನದಲ್ಲ, ಒಡತಿ ವಿಬಿಯಾಳದು. ಆದರೆ ಬೆಳ್ಳಿಯ ದೆನಾರಿ ನಾಣ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಚೀಲದ ಬಾಯಿ ಕಟ್ಟಿ, ಮೇಣದ ಮುದ್ರೆ ಒತ್ತಿ ತೂಗುಬಿಡುತ್ತಿದ್ದ ಎಲುಬಿನ ಪಟ್ಟಿಯ ಮೇಲೆ ಇರುತ್ತಿದ್ದುದು ಅವನದೇ ಹೆಸರು: 'ಹಿಲಾರುಸ್ ನೋಡಿದ್ದಾನೆ.' ಕೆಳಗೆ ತಿಂಗಳು, ವರ್ಷ. ಅದನ್ನು ಕಂಡರೆ ಓಸ್ತಿಯಾ ಬಂದರಿನ ವರ್ತಕರೂ ಚೀಲ ಬಿಚ್ಚದೆ ಒಪ್ಪಿಕೊಳ್ಳುತ್ತಿದ್ದರು. ಸೆನೆಟಿನ ದೊಡ್ಡವರ ಆಣೆಗೂ ಅಷ್ಟು ಬೆಲೆ ಇತ್ತೆಂದು ಹೇಳುವುದು ಕಷ್ಟ.

'ನೋಡಿದ್ದಾನೆ' ಎಂಬುದು ಮಾತ್ರ ತುಸು ಧಾರಾಳದ ಮಾತು. ಅರವತ್ತು ದಾಟಿದ ಮೇಲೆ ಅವನ ಕಣ್ಣಿಗೆ ಪೊರೆ ಬಂದಿತ್ತು. ಸಾಲಿನವರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಎಣ್ಣೆ ವ್ಯಾಪಾರಿ ಸ್ಕಾಂಟಿಯುಸ್ ಬಂದವನೇ ಮುದ್ರೆ ಒಡೆದ ಚೀಲವನ್ನು ಕಟ್ಟೆಯ ಮೇಲೆ ಎಸೆದು, ಒಂದು ನಾಣ್ಯ ಎತ್ತಿ ಹಿಡಿದ.

"ಏನಯ್ಯಾ ಹಿಲಾರುಸ್, ಇದನ್ನೂ ನೋಡಿದ್ಯಾ? ಮೇಲೆ ಬೆಳ್ಳಿ ಸಿಪ್ಪೆ, ಒಳಗೆಲ್ಲ ತಾಮ್ರ! ನಿನ್ನ ಚೀಲದಲ್ಲೇ ಸಿಕ್ತು. ವಿಬಿಯಮ್ಮಾ, ಈ ಕುರುಡನ್ನ ತೋಟದ ಗಾಣಕ್ಕೆ ಕಟ್ಟಿ, ಸುತ್ತಿದ್ದೇ ಸುತ್ತೋದಕ್ಕೆ ಕಣ್ಣೇನೂ ಬೇಡ."

ವಿಬಿಯಾ ಮುದುಕನ ಕೈಗಳನ್ನೇ ನೋಡುತ್ತಿದ್ದಳು. "ತಪ್ಪು ನಿಂದೇ ಆಗಿದ್ರೆ, ಇವತ್ತಿಂದ ನಿನ್ನ ಹೆಸರಿನ ಪಟ್ಟಿ ಕಟ್ಟೋ ಹಾಗಿಲ್ಲ, ಹಿಲಾರುಸ್."

"ಕೊಡಿ ಧಣಿ," ಎಂದು ಹಿಲಾರುಸ್ ಸ್ಕಾಂಟಿಯುಸನ ಕಡೆ ಕೈ ಚಾಚಿ ನಾಣ್ಯ ತೆಗೆದುಕೊಂಡ. ಹೆಬ್ಬೆರಳು ಒಂದು ಮಗ್ಗುಲಲ್ಲಿ ರೋಮಾದೇವಿಯ ಶಿರಸ್ತ್ರಾಣವನ್ನು ಸವರಿತು. ಮಗುಚಿದ. ಜಯದೇವಿ, ರಥ, ಎರಡು ಕುದುರೆ. ಕುದುರೆಗಳ ಹೊಟ್ಟೆಯ ಕೆಳಗೆ ಬೆರಳು ನಿಂತಿತು.

"ಇಲ್ಲೊಂದು ಗೋಧಿ ತೆನೆ ಐತಲ್ಲ ಧಣಿ?"

"ಇದ್ರೆ ಏನೀಗ? ಕುದುರೆ ತಿನ್ಲಿ ಬಿಡು."

"ತಿನ್ಲಿ. ಟಂಕಸಾಲೆಗೆ ವರ್ಷಾ ವರ್ಷ ಹೊಸ ಅಧಿಕಾರಿಗಳು ಬರ್ತಾರೆ, ಅವರ ಮನೆತನದ ಗುರುತು ಇಲ್ಲಿ ಬಂದು ಕೂರ್ತದೆ. ತೆನೆಯೋರು ಬಂದಿದ್ದು ಈ ಜನವರಿಗೆ. ಪಟ್ಟೀಲಿ ಯಾವ ತಿಂಗಳೈತೆ? ನಿಮ್ಮ ಒಳ್ಳೆ ಕಣ್ಣಲ್ಲೇ ಓದಿ."

ಸ್ಕಾಂಟಿಯುಸ್ ಓದಿದ. ನವೆಂಬರ್, ಹೋದ ವರ್ಷದ್ದು. ಎರಡನೆಯ ಸಲ ಸದ್ದಿಲ್ಲದೆ ಓದಿದ.

"ಮುದ್ರೆ ಒಡೆದ್ಮೇಲೆ ಅಂಗಡಿ ದುಡ್ಡನ್ನೂ ಇದ್ರಲ್ಲೇ ಹಾಕಿದ್ರಾ?" ವಿಬಿಯಾ ಕೇಳಿದಳು.

"ಚೀಲ ಗಟ್ಟಿಯಾಗಿತ್ತು, ಅದಕ್ಕೆ..."

"ಹಂಗಾದ್ರೆ ಇದನ್ನ ನೋಡಿ ತಗೊಂಡೋರು ತಾವೇ," ಎಂದ ಹಿಲಾರುಸ್. ಸಾಲಿಗೆ ಸಾಲೇ ನಕ್ಕಿತು.

ಸ್ಕಾಂಟಿಯುಸ್ ಕೆಮ್ಮಿದ. ಆಮೇಲೆ ಚೀಲವನ್ನು ಮೆಲ್ಲಗೆ ಮುಂದೆ ತಳ್ಳಿದ. "ಉಳಿದಿದ್ದನ್ನೂ ಒಂದ್ಸಲ ನೋಡ್ಬಿಡು, ಅಜ್ಜ." ಗಾಣದ ಮಾತು ಮತ್ತೆ ಬರಲಿಲ್ಲ. ಮಧ್ಯಾಹ್ನದೊಳಗೆ ಇನ್ನೂ ಎರಡು ಖೋಟಾ ನಾಣ್ಯ ಹೊರಬಿದ್ದವು. ಎರಡರಲ್ಲೂ ತೆನೆ.

ಚೀಲಕ್ಕೆ ಹೊಸ ಪಟ್ಟಿ ಬೇಕಾಯಿತು. "ಏನಂತ ಕೆತ್ತಿಸ್ಲಿ?" ಎಂದಳು ವಿಬಿಯಾ, ನಗು ತಡೆದುಕೊಂಡು.

"ಎಂದಿನಂಗೆ, ಅಮ್ಮಾವ್ರೆ. ನೋಡಿದ್ದಾನೆ ಅಂತಲೇ." ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. "ಅಕ್ಷರ ಮಾತ್ರ ಒಸಿ ಆಳ ಇರ್ಲಿ. ನಾನೂ ಓದ್ಬೇಕಲ್ಲ."