ಪರದೆಯ ಆಚೆಗಿನ ಎಡಗಡೆ

ಮೊನ್ನೆ ಭಾನುವಾರ ಸಂಜೆ ಬಳ್ಳಾರಿಯ ನಮ್ಮ ಮನೆಯಲ್ಲಿ ಟಿವಿ ಹಚ್ಚಿದಾಗ, ದೇಶದ ಮಹಿಳಾ ಫುಟ್‌ಬಾಲ್ ತಂಡದ ಪಂದ್ಯ ಇನ್ನೇನು ಶುರುವಾಗುವುದರಲ್ಲಿತ್ತು. ಪರದೆಯ ಮೇಲೆ ಹಸಿರು ಅಂಗಳ, ಅದರಲ್ಲಿ ಆಟಗಾರ್ತಿಯರ ಜಾಗ ತೋರಿಸುವ ಚುಕ್ಕಿಗಳು. ಗೋಲ್‌ಕೀಪರ್ ಮುಂದೆ ನಾಲ್ವರು, ಅವರ ಮುಂದೆ ಇಬ್ಬರು, ಆಮೇಲೆ ಮೂವರು, ತುದಿಯಲ್ಲಿ ಒಬ್ಬಳು. ನೀವಾದರೆ ಬಹುಶಃ ತುದಿಯವಳ ಹೆಸರು ಓದುತ್ತೀರಿ. ನನ್ನ ಕಣ್ಣು ಮಾತ್ರ ನಾಲ್ವರ ಸಾಲಿನ ಎಡತುದಿಗೆ ಹೋಗುತ್ತದೆ. ಈ ಚಾಳಿ ಹಚ್ಚಿದವರು ಶಕೀಲಾ ಮೇಡಂ.

ನಾನು ಸಿರುಗುಪ್ಪದಲ್ಲಿ ಕಾಲೇಜು ಓದುವಾಗ ಅವರು ನಮಗೆ ಆಟ ಕಲಿಸುತ್ತಿದ್ದರು. ದೇಶದ ತಂಡದ ಪಂದ್ಯವಿದ್ದ ದಿನ ನಮ್ಮ ತಂಡದ ಹುಡುಗಿಯರನ್ನೆಲ್ಲ ಮನೆಗೆ ಕರೆದು, ಮಂಡಕ್ಕಿ ಒಗ್ಗರಣೆ-ಮಿರ್ಚಿ ಕೊಟ್ಟು, ಟಿವಿ ಮುಂದೆ ಕೂರಿಸುವರು. ಆದರೆ ಚೆಂಡು ನೋಡುವ ಹಾಗಿರಲಿಲ್ಲ. ಒಬ್ಬೊಬ್ಬರಿಗೆ ಒಬ್ಬೊಬ್ಬ ಆಟಗಾರ್ತಿಯನ್ನು ಹಂಚುವರು. ಪಂದ್ಯ ಮುಗಿಯುವ ತನಕ ಆಕೆಯನ್ನಷ್ಟೇ ನೋಡಬೇಕು.

ಗೋಲು ಹೊಡೆಯುವ ಕನಸಿನವಳಾದ ನನ್ನ ಪಾಲಿಗೆ ಬಂದದ್ದು ಎಡಗಡೆಯ ಡಿಫೆಂಡರ್. ಮಿರ್ಚಿಯೂ ಸಪ್ಪೆಯೆನಿಸಿತು. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದಲ್ಲ, ಅರ್ಧ ಹೊತ್ತು ನನ್ನವಳು ಪರದೆಯಲ್ಲೇ ಇರುತ್ತಿರಲಿಲ್ಲ. ಕಾಣುವುದೇ ಇಲ್ಲವೆಂದು ನಾನು ಗೊಣಗಿದಾಗ ಮೇಡಂ ಅಂದರು: “ಕಾಣದಾಗ ಆಕಿ ಎಲ್ಲಿರ್ತಾಳ, ಅದನ್ನ ಹೇಳು. ಕಂಡಾಗ ಯಾರ ಬೇಕಾದ್ರೂ ಹೇಳ್ತಾರ.”

ಊಹಿಸತೊಡಗಿದೆ. ಮೊದಮೊದಲು ಎಲ್ಲ ತಪ್ಪು. ನಾನು ಗೋಲಿನ ಹತ್ತಿರ ನಿಲ್ಲಿಸಿದವಳು ಎದುರಾಳಿಯ ಮೂಲೆಯಲ್ಲಿ ಓಡುತ್ತಿರುವಳು. ಕ್ರಮೇಣ ತಿಳಿಯಿತು: ಅವಳು ಮುಂದೆ ನುಗ್ಗಿದಾಗಲೆಲ್ಲ ಪಕ್ಕದ ಡಿಫೆಂಡರ್ ಎಡಕ್ಕೆ ಸರಿದು ಆ ಜಾಗ ತುಂಬುತ್ತಾಳೆ. ಹಾಗೆ ಸರಿಯುವವಳನ್ನು ನೋಡುವ ಕೆಲಸ ಹತ್ತಿರದ ಕರೂರಿನ ಹಂಪಮ್ಮನದು. ಚಾಪೆಯ ಮೇಲೆ ನನ್ನ ಪಕ್ಕ ಕೂತಿರುತ್ತಿದ್ದಳು. ಮೈದಾನದಲ್ಲೂ ನಮ್ಮಿಬ್ಬರ ಜಾಗ ಅವೇ ಆದವು. ನಾನು ನುಗ್ಗುತ್ತಿದ್ದೆ, ಅಷ್ಟೇ ಧಾರಾಳವಾಗಿ ಚೆಂಡು ಕಳೆದುಕೊಳ್ಳುತ್ತಿದ್ದೆ. ಹಿಂದೆ ಹಂಪಮ್ಮ ಇರುತ್ತಿದ್ದಳು.

ಓದು ಮುಗಿದು ನಾನು ಬಳ್ಳಾರಿಯಲ್ಲಿ ಶಿಕ್ಷಕಿಯಾದೆ. ಹಂಪಮ್ಮ ಮದುವೆಯಾಗಿ ಸೇರಿದ್ದು ನನ್ನ ತವರಾದ ಕುರುಗೋಡಿಗೆ. ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಹಾಕಿದಳು. ಅದೇ ಸಾಲಿನಲ್ಲಿ ಅಪ್ಪನ ಸೈಕಲ್ ಅಂಗಡಿ. ಹೋದ ವರ್ಷ ಪರೀಕ್ಷೆಯ ದಿನ ನಾನು ನಿಯಮದಂತೆ ಫೋನು ಒಪ್ಪಿಸಿ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದಾಗ, ಅಂಗಡಿಯಲ್ಲಿ ಅಪ್ಪನಿಗೆ ಎದೆನೋವು ಬಂದಿದೆ. ನನಗೆ ಫೋನು ಹತ್ತಲಿಲ್ಲ. ಹಂಪಮ್ಮ ಅರ್ಧ ಹೊಲಿದ ರವಿಕೆ ಬಿಟ್ಟೆದ್ದು, ಯಾರದೋ ಕಾರು ನಿಲ್ಲಿಸಿ, ಅಪ್ಪನನ್ನು ಬಳ್ಳಾರಿಯ ಆಸ್ಪತ್ರೆಗೆ ತಂದಿದ್ದಳು.

ವಿಷಯ ತಿಳಿದು ನಾನು ಏದುಸಿರು ಬಿಡುತ್ತ ಮುಟ್ಟುವಷ್ಟರಲ್ಲಿ ಚಿಕಿತ್ಸೆ ಮುಗಿದು ಅಪಾಯ ಕಳೆದಿತ್ತು. ಒಳಗಿಂದ ಬಂದ ನರ್ಸ್, ಒಬ್ಬರೇ ಬರಬೇಕು, ಮಗಳು ಬನ್ನಿ ಎಂದು ಹಂಪಮ್ಮನನ್ನೇ ಕರೆದರು. ಆಮೇಲೆ ನನ್ನತ್ತ ನೋಡಿ ಇವರು ಯಾರು ಎಂದು ಕೇಳಿದರು.

“ಈಕಿನೂ ಮಗಳರೀ,” ಎಂದಳು ಹಂಪಮ್ಮ. ನನ್ನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕಳಿಸಿದಳು.

ಸಂಜೆ ಅವಳನ್ನು ಬಸ್ಸಿಗೆ ಬಿಡಲು ಹೋದಾಗ ಏನೇನೋ ಹೇಳಹೊರಟು ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. “ನೀ ಬರಾಕ ಆಗಲ್ಲಂತ ಗೊತ್ತಿತ್ತಲೇ. ಜಾಗ ಖಾಲಿ ಬಿಡಾಕ ಆಗತೈತೇನು?”

ಈಗ ಅಪ್ಪ ನನ್ನ ಜೊತೆಗೇ ಇದ್ದಾರೆ. ಮೊನ್ನೆಯೂ ಪಕ್ಕದಲ್ಲಿ ಕೂತು ಪಂದ್ಯ ನೋಡುತ್ತಿದ್ದರು. ನಮ್ಮ ತಂಡ ಒಂದು ಗೋಲು ಹಿಂದಿತ್ತು. ಮರುದಿನ ಬೆಳಿಗ್ಗೆ ಸಿರುಗುಪ್ಪದಲ್ಲಿ ಹಂಪಮ್ಮನ ತಾಯಿಗೆ ಕಣ್ಣಿನ ಆಪರೇಷನ್ ಎಂದು ಮೇಡಂ ಫೋನಿನಲ್ಲಿ ತಿಳಿಸಿದ್ದರು. ಹಂಪಮ್ಮ ನನಗೆ ಒಂದು ಮಾತೂ ಹೇಳಿರಲಿಲ್ಲ. ನಾನು ರಜೆ ಹಾಕಿದ್ದೇನೆ, ಮೊದಲ ಬಸ್ಸಿಗೆ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

“ಬುತ್ತಿ ನಾ ಕಟ್ತೀನಿ,” ಎಂದರು ಅಪ್ಪ. “ಹಂಪಮ್ಮಗ ಮೊಸರನ್ನ ಸೇರತೈತಿ.”

ಪಂದ್ಯ ಇನ್ನೂ ನಡೆದಿತ್ತು. ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದರು.