ಅಟ್ಟೆ, ಬಾರು, ಉಂಗುಟ

ಒಂದು ಕಡೆ ಕೂರುವುದು ಸೋಮಶೇಖರನ ಜಾತಕದಲ್ಲೇ ಇರಲಿಲ್ಲ. ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದಿಂದ ಅವನದೇ ಆದ ಕುರ್ಚಿ ಹೊಸದಾಗಿಯೇ ಇತ್ತು, ಸವೆದದ್ದೆಲ್ಲ ಬೂಟು. ಯಾರೇ ಎದುರಾದರೂ ಅವನ ಕಣ್ಣು ಮೊದಲು ಕಾಲಿಗೆ ಹೋಗಿ ಆಮೇಲೆ ಮುಖಕ್ಕೆ ಬರುತ್ತಿತ್ತು. ಪಾಪ, ಬಲು ಸಂಕೋಚದ ಮನುಷ್ಯ ಎಂದು ಸ್ವೀಡನ್ನಿನವರು ಅಂದುಕೊಂಡಿದ್ದರು. ಸಂಕೋಚವೂ ಇಲ್ಲ, ಮಣ್ಣೂ ಇಲ್ಲ. ಅವನು ಹೊಲಿಗೆ ನೋಡುತ್ತಿದ್ದ.

ಅವನ ಪಿಎಚ್.ಡಿ.ಯ ಕೊನೆಯ ಅಧ್ಯಾಯ ಕಾರುಕ್ ಭಾಷೆಯ ಪಾದರಕ್ಷೆಯ ಪದಗಳ ಮೇಲಿತ್ತು. ಉತ್ತರ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯ ದಂಡೆಯವರ ಭಾಷೆ ಅದು, ಈಗ ಆಡುವವರು ಬೆರಳೆಣಿಕೆಯಷ್ಟು. ಕಾಲಿಗೆ ಹಾಕುವ ಜೋಡಿಗೆ ಅವರು ಯುಕುಕು ಎನ್ನುತ್ತಾರೆ. "ಏನ್ರೀ ಸೋಮು, ಸ್ವೀಡನ್‌ಗೆ ಬಂದು ಅಮೆರಿಕದವರ ಚಪ್ಪಲಿ ಎಣಿಸ್ತಿದೀರಲ್ಲ!" ಎಂದು ಅದೇ ಊರಲ್ಲಿ ಐಟಿ ಕೆಲಸದಲ್ಲಿದ್ದ ಕನ್ನಡಿಗ ಬದರಿನಾಥ ಪ್ರತಿ ಸಲ ಕೇಳಿ, ಪ್ರತಿ ಸಲವೂ ತಾನೇ ನಗುತ್ತಿದ್ದ. ತಂದೆಯವರದು ಏನು ಕೆಲಸ ಎಂದು ಅವನು ಮೊದಲ ವರ್ಷ ಕೇಳಿದಾಗ ಸೋಮಶೇಖರ "ಲೆದರ್ ಲೈನ್" ಅಂದಿದ್ದ. ಬದರಿನಾಥನ ಬಾಯಲ್ಲಿ ಅದು ಒಂದೇ ವಾರದಲ್ಲಿ ಲೆದರ್ ಎಕ್ಸ್‌ಪೋರ್ಟ್ ಆಯಿತು. ಸೋಮಶೇಖರ ತಿದ್ದುವ ಗೋಜಿಗೆ ಹೋಗಲಿಲ್ಲ.

ಅಧ್ಯಾಯ ನಿಂತಿದ್ದು ವೆರ್ನಾ ಅಜ್ಜಿಯ ಧ್ವನಿಯ ಮೇಲೆ. ಕ್ಲಾಮತ್ ದಂಡೆಯ ಆ ಮುದುಕಿ ವಿಡಿಯೊ ಕರೆಯಲ್ಲಿ ಹತ್ತು ರೆಕಾರ್ಡಿಂಗ್ ಕೊಟ್ಟಿದ್ದಳು. ಪ್ರತಿಯೊಂದನ್ನೂ ತನ್ನ ಹೆಸರು, ತಾಯಿಯ ಹೆಸರು, ಊರು, ಕೆಲಸ ಹೇಳಿಯೇ ಶುರು ಮಾಡುತ್ತಿದ್ದಳು. ಬಳಸಲು ಒಪ್ಪಿಗೆ ಕೇಳಿದಾಗ ಮಾತ್ರ ತಡೆದಳು. "ನನ್ನ ಮನೆಯ ಮಾತು ತಗೊಂಡೆ. ನಿನ್ನ ಮನೆಯದನ್ನ ಕೊಡು. ಜೋಡು ಮಾಡಿ ಗೊತ್ತಿರೋರ ಬಾಯಲ್ಲಿ ಕೇಳಿಸು, ಆಮೇಲೆ ಒಪ್ಪಿಗೆ," ಅಂದಳು. ಅವಳ ಮುಂದಿನ ಕರೆ ಭಾನುವಾರ ಸಂಜೆ ಆರಕ್ಕೆ. ಸೋಮವಾರ ಪ್ರಬಂಧ ಒಪ್ಪಿಸಬೇಕು. ಒಪ್ಪಿಗೆ ಇಲ್ಲದಿದ್ದರೆ ಅಧ್ಯಾಯವೇ ಇಲ್ಲ.

ಆ ವಾರವೆಲ್ಲ ಅವನು ಹಿಮದಲ್ಲಿ ಉಮೆಯೊದ ನದಿಗುಂಟ ನಡೆದ. ಕನ್ನಡದ ಪದಗಳನ್ನು ನಿಘಂಟಿನಿಂದ ಓದಿಬಿಡಲೇ ಎಂದು ಯೋಚಿಸಿದ, ಛೀ ಅಂದುಕೊಂಡ. ಊರಿಗೆ ಮಾತಾಡಲೆಂದು ಫೋನು ತೆಗೆದ, ಇಟ್ಟ, ಮತ್ತೆ ತೆಗೆದ. ಭಾನುವಾರ ಬೆಳಿಗ್ಗೆ ಕೊನೆಗೂ ಜೋಡಿನ ಪದಗಳನ್ನು ಕೇಳಿ ಅಪ್ಪನಿಗೊಂದು ವಾಯ್ಸ್ ಮೆಸೇಜ್ ಕಳಿಸಿ, ಬದರಿನಾಥನ ಮನೆಯ ಊಟಕ್ಕೆ ಹೋದ. ಅಲ್ಲಿ ಹಪ್ಪಳ ಮುರಿಯುತ್ತಿದ್ದನೇ ಹೊರತು ತಿನ್ನುತ್ತಿರಲಿಲ್ಲ. "ಇರುವೆ ಬಿಟ್ಕೊಂಡಿದೀರಾ? ನೆಟ್ಟಗೆ ಕೂತ್ಕೊಂಡು ಪಾಯಸ ಕುಡೀರಿ," ಎಂದು ಬದರಿನಾಥನ ಹೆಂಡತಿ ಲಾವಣ್ಯಾ ಗದರಿದಳು.

ಆಗಲೇ ಮುಂಬಾಗಿಲ ಹತ್ತಿರ ತೂಗುಹಾಕಿದ್ದ ಅವನ ಜಾಕೆಟ್ಟಿನಲ್ಲಿ ಫೋನು ಬಡಿದುಕೊಂಡಿತು. ಓಡಿದ. ಬಂದವರೆಲ್ಲ ಬಿಟ್ಟಿದ್ದ ಹತ್ತಿಪ್ಪತ್ತು ಬೂಟುಗಳ ನಡುವೆ, ಕರಗಿದ ಹಿಮದಲ್ಲಿ ಕಾಲುಚೀಲ ನೆನೆಸಿಕೊಂಡು ನಿಂತ.

"ಅಪ್ಪಾ, ಹೆಂಗದೀ?" ಅಂದ. ಅವನ ಹಾವೇರಿ ಮಾತು ಆ ಮನೆಯಲ್ಲಿ ಮೊದಲ ಸಲ ಹೊರಬಿದ್ದಿತ್ತು. ಒಳಗೆ ಪಿಸುಮಾತಾಯಿತು. ಪಾಯಸದ ಸೌಟು ಹಿಡಿದೇ ಬದರಿನಾಥ ಬಾಗಿಲಿಗೆ ಬಂದ.

"ಆರಾಮ ಅದೀನೋ. ನೀ ಕೇಳಿದ್ದು ಹೇಳೂಣಂತ ಮಾಡಿದೆ. ಅಲ್ಲಿ ಯಾರೋ ಮಾತಾಡಿದಂಗಾತು?"

"ಗೆಳ್ಯಾರದಾರಪಾ. ಅವ್ರ ಮನಿಗೆ ಊಟಕ್ಕ ಬಂದೀನಿ."

ಅತ್ತ ಬಸ್ಸಿನ ಹಾರ್ನ್ ಕೇಳಿಸಿತು. ಅಪ್ಪ ದನಿ ತಗ್ಗಿಸಿದ. "ಹಂಗಾರ ಈಗ ಬ್ಯಾಡ ಬಿಡು. ಅವ್ರ ಮುಂದ ಇದೆಲ್ಲಾ ಯಾಕ? ನೀ ರೂಮಿಗೆ ಹೋದ ಮ್ಯಾಲ ಹೇಳ್ತೀನಿ. ನಿನ್ನ ಮರ್ಯಾದಿ ನಂಗ ತಿಳೀದೇನು?"

ತಾನು ಇಲ್ಲಿ ಬಚ್ಚಿಟ್ಟದ್ದು ಅಪ್ಪನಿಗೆ ಗೊತ್ತಿತ್ತು. ನಾಲ್ಕು ವರ್ಷವೂ ಗೊತ್ತಿತ್ತು. ಮಗನ ಸುಳ್ಳನ್ನು ಮಗನಿಗಿಂತ ಜೋಪಾನವಾಗಿ ಕಾದಿದ್ದ. ಸೋಮಶೇಖರನಿಗೆ ಎಂದೂ ಆಗದಷ್ಟು ನಾಚಿಕೆಯಾಯಿತು, ಅಪ್ಪನ ಬಗ್ಗೆಯಲ್ಲ, ತನ್ನ ಬಗ್ಗೆ.

"ಇಲ್ಲಪಾ. ಈಗನ ಹೇಳು, ಅವ್ರ ಮುಂದನ ಹೇಳು. ಮದ್ಲು ನಿನ್ನ ಹೆಸರು ಹೇಳು, ನಿಮ್ಮವ್ವನ ಹೆಸರು, ಊರು, ಕೆಲಸ." ರೆಕಾರ್ಡಿಂಗ್ ಒತ್ತಿದ, ಸ್ಪೀಕರ್ ಹಾಕಿದ.

ಅಪ್ಪ ಗಂಟಲು ಸರಿಮಾಡಿಕೊಂಡ. ಲಾವಣ್ಯಾ ಬಂದು ಬೂಟಿನ ಬೆಂಚಿನ ಮೇಲೆ ಮೆಲ್ಲಗೆ ಕೂತಳು. ಬದರಿನಾಥನ ಸೌಟಿನಿಂದ ಪಾಯಸ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಾ ಅಶ್ವತ್ಥ. ನಮ್ಮವ್ವ ದುರ್ಗವ್ವ. ಹಾವೇರಿ ಬಸ್‌ಸ್ಟ್ಯಾಂಡ್ ಎದುರಿಗೆ ನಲವತ್ತ ವರ್ಷ ಆತು, ಚಪ್ಲಿ ಹೊಲೀತೀನಿ. ಈ ಸೋಮ್ಯಾ ನನ್ನ ಮಗ." ಆಮೇಲೆ ಮಗನನ್ನು ಕೇಳಿದ. "ಬರ್ಕೋತೀಯೇನೋ? ಮದ್ಲು ಅಟ್ಟಿ, ಅಂಗಾಲಿನ ಕೆಳಗಿಂದು. ಅದರ ಮ್ಯಾಲ ಬಾರು. ಆಮ್ಯಾಲ ಉಂಗುಟ, ಹೆಬ್ಬೆರಳು ಹಿಡಿಯೂದು."

ಸೋಮಶೇಖರ ಒದ್ದೆ ನೆಲದ ಮೇಲೆ, ಬೂಟುಗಳ ನಡುವೆಯೇ ಕುಳಿತುಕೊಂಡ. ಅಪ್ಪ ಹೇಳಿ ಮುಗಿಸುವವರೆಗೂ ಏಳಲಿಲ್ಲ.