ಗಾರೆ ಕಾಣದ ಹಿತ್ತಿಲ ಗೋಡೆ

ಆ ಬಡಾವಣೆಯಲ್ಲಿ ಮೇಸ್ತ್ರಿ ಕಟ್ಟದ ಮನೆ ಹುಡುಕುವುದು ಕಷ್ಟ. ಮೇಸ್ತ್ರಿ ಮುಗಿಸಿದ ಮನೆ ಹುಡುಕುವುದು ಇನ್ನೂ ಕಷ್ಟ. ಮೈಗಳ್ಳ ಅಂದುಕೊಳ್ಳಬೇಡಿ, ಅವನ ಕರಣೆ ಆಡಿದ ಗೋಡೆ ಕನ್ನಡಿಯಂತಿರುತ್ತಿತ್ತು. ಸಂಗತಿ ಬೇರೆ. ಮುಗಿದ ಮನೆಗೆ ಪುರಸಭೆ ಪೂರ್ತಿ ತೆರಿಗೆ ಹಾಕುತ್ತಿತ್ತು, ಇನ್ನೂ ಕಟ್ಟುತ್ತಿರುವ ಮನೆಗೆ ಕಾಲುಭಾಗ. ಇದು ತಲೆಗೆ ಹೊಳೆದದ್ದೇ ತಡ, ಯಾರ ಮನೆ ಕಟ್ಟಿದರೂ ಹಿತ್ತಿಲ ಗೋಡೆಗೆ ಮಾತ್ರ ಅವನು ಗಾರೆ ಬಳಿಯಲಿಲ್ಲ.

"ಇದೊಂದು ಹಾಗೇ ಇರ್ಲಿ ಬಿಡಿ. ತೆರಿಗೆಯೋರು ಬಂದ್ರೆ ಕೆಲಸ ನಡೀತಿದೆ ಅನ್ನಿ."

ಕೆಲಸ ನಡೆಯುತ್ತಲೇ ಇತ್ತು. ಮನೆಗೆ ಸೊಸೆ ಬಂದಳು, ಮೊಮ್ಮಕ್ಕಳು ಹುಟ್ಟಿದರು, ಮೇಲೊಂದು ಅಂತಸ್ತೂ ಎದ್ದಿತು. ಮನೆ ಮಾತ್ರ ಮುಗಿಯಲಿಲ್ಲ. ಮೇಸ್ತ್ರಿಯ ಸ್ವಂತ ಮನೆಯೂ ಅಷ್ಟೇ. "ಊರ ಗೋಡೆಗೆಲ್ಲ ಗಾರೆ ಬಳೀತೀರಿ, ನಮ್ಮ ಗೋಡೆಗೆ ಮೈಮೇಲೆ ಬಟ್ಟೆ ಇಲ್ಲ" ಎಂದು ಹೆಂಡತಿ ಗೊಣಗಿದರೆ, "ನಾಲ್ಕು ಕಾಸು ಉಳಿಯುತ್ತೆ, ಸುಮ್ನಿರೇ" ಎನ್ನುತ್ತಿದ್ದ.

ಊರು ಬೆಳೆಯಿತು, ಖಾಲಿ ಜಾಗವೆಲ್ಲ ಮನೆಯಾಯಿತು. ಚರಂಡಿ ಮಾತ್ರ ಅಪ್ಪನ ಕಾಲದ್ದು. ಮಳೆ ಬಂದರೆ ಕೊಚ್ಚೆ ಹೊಸ್ತಿಲಿಗೆ ಬರುತ್ತಿತ್ತು. ಜನ ಪುರಸಭೆಗೆ ಹಿಡಿಶಾಪ ಹಾಕಿದರು. ಪುರಸಭೆಯವರೂ ಬಿಡಲಿಲ್ಲ: ಹೊಸ ಚರಂಡಿ ಬೇಕಾದರೆ ಮುಗಿದ ಮನೆಗಳ ತೆರಿಗೆ ಎರಡರಷ್ಟು.

ಮೇಸ್ತ್ರಿಯ ಪಕ್ಕದ ಮನೆಯ ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ನಕ್ಕ. "ಹತ್ತರಷ್ಟು ಮಾಡ್ಲಿ, ನಮಗೇನು? ನಾವಿನ್ನೂ ಕಟ್ತಾ ಇದೀವಿ!"

ಅಂಗಡಿ ತುಂಬ ನಗು. ಮೇಸ್ತ್ರಿಯೂ ನಗಲು ಬಾಯಿ ತೆರೆದವನು ಅರ್ಧಕ್ಕೇ ನಿಂತ. ಮುಗಿದ ಮನೆಯೆಂದರೆ ಅಕ್ಕನ ಮನೆ! ಉಪಾಯ ಹೊಳೆಯುವ ಮುಂಚೆ, ಕೆಲಸ ಕಲಿತ ಹೊಸದರಲ್ಲಿ, ತನ್ನನ್ನು ಸಾಕಿದ ಅಕ್ಕನಿಗೆ ಅವನು ನಾಲ್ಕೂ ಗೋಡೆ ತೀಡಿ ಕಟ್ಟಿಕೊಟ್ಟ ಮನೆ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದರೂ ಚಿಂತೆಯಿರಲಿಲ್ಲ, ಬಿದ್ದವಳು ಅಕ್ಕ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಭಾವ ತೀರಿಕೊಂಡ ಮೇಲೆ ಅದೇ ಅವಳ ಅನ್ನ.

"ಎರಡರಷ್ಟು ತೆರಿಗೆ ನನ್ನ ಕೈಲಾಗಲ್ಲ, ದಲ್ಲಾಳಿಗೆ ಹೇಳಿದೀನಿ ಕಣೋ. ಮಾರಿಬಿಟ್ಟು ಒಂದು ಬಾಡಿಗೆ ಕೋಣೆ ನೋಡ್ಕೋತೀನಿ."

"ಬಾಡಿಗೆ ಯಾಕೆ? ನಮ್ಮನೆಗೆ ಬಾ ಅಕ್ಕ."

"ನಿನ್ನ ಮನೆ ಇನ್ನೂ ಮುಗಿದಿಲ್ವಲ್ಲೋ."

ಚುಚ್ಚಬೇಕೆಂದು ಆಡಿದ ಮಾತಲ್ಲ. ಅದಕ್ಕೇ ಅವನಿಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಪುರಸಭೆಗೆ ಹೋಗಿ ಅಧಿಕಾರಿಯನ್ನೇ ಕೇಳಿದ. "ಅರ್ಧ ಬಡಾವಣೆ ಪೂರ್ತಿ ತೆರಿಗೆ ಕಟ್ಟಿದ್ರೂ ಸಾಕು ಮೇಸ್ತ್ರಿ, ಯಾರಿಗೂ ಏರಿಸೋ ಮಾತೇ ಇಲ್ಲ. ಮಳೆಗಾಲ ಕಳೆಯೋ ತನಕ ಕಾಯ್ತೀವಿ. ಆದ್ರೆ ಕಟ್ಟೋರ್ಯಾರು?"

ಮೇಸ್ತ್ರಿ ಮನೆಗೆ ಬಂದವನೇ ಗಾರೆ ಕಲಸಿದ. ಕ್ಷೌರದಂಗಡಿಯವನು ಬೇಲಿಯಾಚೆಯಿಂದ ಕೂಗಿದ. "ತಲೆ ಕೆಟ್ಟಿದೆಯೇನಯ್ಯ? ನಿನ್ನದು ಮುಗೀತು ಅಂದ್ರೆ ನಾಳೆ ನಮ್ಮದೂ ಕೇಳ್ತಾರೆ!"

"ಕೇಳ್ಲಿ. ಕೆಡಿಸಿದೋನು ನಾನು, ನಾನೇ ಸರಿ ಮಾಡ್ತೀನಿ. ಸಿಮೆಂಟು, ಮರಳು ನಿಮ್ಮದು, ಕೂಲಿ ಬೇಡ."

ಕ್ಷೌರದಂಗಡಿಯವನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಮೇಸ್ತ್ರಿ ಮನೆಮನೆಗೆ ಹೋಗಿ ಹೇಳಿದ. ಕೆಲವರು ಬೈದರು, ಕೆಲವರು ಮಾತು ಬಿಟ್ಟರು. ಆಮೇಲೊಂದು ಜಡಿಮಳೆಗೆ ಚರಂಡಿ ನೀರು ಅಂಗಡಿಯೊಳಗೇ ನುಗ್ಗಿತು. ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ಮಳೆ ನಿಂತದ್ದೇ ಕ್ಷೌರದಂಗಡಿಯವನು ತಾನಾಗಿ ಮರಳು ತರಿಸಿದ, ಮುಖ ಮಾತ್ರ ಆಚೆ ತಿರುಗಿಸಿಕೊಂಡು. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬನ ಹಿಂದೆ ಮತ್ತೊಬ್ಬ. ಗೋಡೆಗೆ ಗಾರೆ ಬೇಡವೆನ್ನುವಾಗಲೂ ಮಹಾನುಭಾವರು ಹೀಗೇ ಸಾಲಾಗಿ ಬಂದವರು. ಬೈದವರಲ್ಲಿ ಕೆಲವರು ಕೊನೆಯವರೆಗೂ ಬರಲಿಲ್ಲ, ಆದರೂ ಅರ್ಧ ದಾಟಿತು. ತೆರಿಗೆ ಏರಲಿಲ್ಲ.

ದಲ್ಲಾಳಿಯನ್ನು ವಾಪಸು ಕಳಿಸಿ ಅಕ್ಕ ತಮ್ಮನ ಮನೆಗೆ ಬಂದಳು. ಹಿತ್ತಿಲಿಗೆ ಹೋಗಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಮೂಲೇಲಿ ಬಿಟ್ಟಿದ್ದೀಯಲ್ಲೋ."

ಬಗ್ಗಿ ನೋಡಿದ. ಬುಡದಲ್ಲಿ ಅಂಗೈಯಗಲ ಇಟ್ಟಿಗೆ ಕಾಣುತ್ತಿತ್ತು. ಬೇಕೆಂದು ಬಿಟ್ಟದ್ದಲ್ಲ, ರೂಢಿಬಿದ್ದ ಕೈ ತಾನಾಗಿ ಬಿಟ್ಟಿತ್ತು. ಅವನಿಗೆ ನಾಚಿಕೆಯಾಯಿತು. ಒಂದು ಹಿಡಿ ಗಾರೆ ಕಲಸಿ, ಮೆತ್ತಿ, ತೀಡಿದ. ಅಕ್ಕ ನಿಂತೇ ಇದ್ದಳು.

"ಮುಗೀತು ಅಕ್ಕ" ಎಂದ. ಈಗ ಅಷ್ಟೊಂದು ಗೋಡೆ ತೀಡಿದ್ದರೂ, ಅವಳ ಮನೆ ಕಟ್ಟಿದ ಮೇಲೆ ಆ ಮಾತನ್ನು ಅವನು ಯಾರ ಮನೆಯಲ್ಲೂ ಆಡಿರಲಿಲ್ಲ.

"ಹಾಗಾದ್ರೆ ಒಳಗೆ ಬರ್ತೀನಿ" ಎಂದಳು ಅಕ್ಕ.